ಚಿನ್ನದ ಗೆರೆಗೆ ಬೆಳ್ಳಿ ಹಿಡಿಸಿದ್ದು: ಡೆಂಗಿ ಸ್ಟ್ರಿಪ್ ಜೊತೆ ನನ್ನ ಎರಡೂವರೆ ವರ್ಷ

ಕಳೆದ ತಿಂಗಳು ಒಂದೇ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದ ಎರಡು ಡೆಂಗಿ ಪರೀಕ್ಷೆಯ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಮೊದಲನೆಯದರಲ್ಲಿ ಟಿ ಗೆರೆ (ಡೆಂಗಿ ಇದ್ದರೆ ಮೂಡುವ ಗೆರೆ) ಇದೆಯೋ ಇಲ್ಲವೋ ಅಂತ ನೋಡಿದ ಮೂವರೂ ಮೂರು ಮಾತು ಹೇಳಿದರು. ಎರಡನೆಯದರಲ್ಲಿ ಪೆನ್ಸಿಲ್ ಒತ್ತಿ ಎಳೆದ ಹಾಗೆ ಕಪ್ಪು ಗೆರೆ, ಸುತ್ತ ಮೆಂಬ್ರೇನ್, ಅಂದರೆ ಸ್ಟ್ರಿಪ್‌ನ ಹೀರುವ ಹಾಳೆ, ಬಿಳಿ. ಎರಡರ ನಡುವೆ ಇದ್ದದ್ದು ಗೆರೆಯ ಚಿನ್ನದ ಕಣಗಳ ಮೇಲೆ ಹಿಡಿಸಿದ ಆರು ನಿಮಿಷದ ಬೆಳ್ಳಿ. ಆ ಆರು ನಿಮಿಷ ಕೈಗೆ ಸಿಗಲು ನನಗೆ ಎರಡೂವರೆ ವರ್ಷ ಹಿಡಿಯಿತು.

"ಇದು ಆಗಲ್ಲ" ಅಂದವರಲ್ಲಿ ನನಗಿಂತ ಅನುಭವಿಗಳೇ ಜಾಸ್ತಿ ಇದ್ದರು. "ಬೆಳ್ಳಿ ಹಿಡಿಸೋದೆಲ್ಲ ಟಿಶ್ಯೂ ಸ್ಲೈಡ್‌ಗೆ ಸರಿ ಮೇಡಂ, ಸೀರಂ ಕುಡಿದ ಸ್ಟ್ರಿಪ್ ಮೇಲೆ ಹಾಕಿದ್ರೆ ಇಡೀ ಸ್ಟ್ರಿಪ್ ಕಪ್ಪಾಗುತ್ತೆ" ಅಂತ ಒಬ್ಬರು ನೇರವಾಗೇ ಹೇಳಿದ್ದರು. ಮೊದಲ ಒಂದು ವರ್ಷ ಅವರು ಹೇಳಿದ್ದೇ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ಟ್ರಿಪ್ ಕಟ್ಟುವವರು, ಕಾಂಜುಗೇಟ್ (ಆಂಟಿಬಾಡಿ ಅಂಟಿಸಿದ ಚಿನ್ನದ ಕಣ) ಮಾಡುವವರು ಓದುತ್ತಾರೆ ಅಂದುಕೊಂಡು ಬರೆದಿದ್ದೇನೆ, ಆದ್ದರಿಂದ ಮೂಲ ಪಾಠ ಹೇಳಲು ಹೋಗುವುದಿಲ್ಲ. ಅಂಕಿಗಳೆಲ್ಲ ನೆನಪಿನಿಂದ, ಸ್ವಲ್ಪ ಆಚೆ ಈಚೆ ಇರಬಹುದು.

ನನಗೆ ಬೇಕಿದ್ದದ್ದು ಡೆಂಗಿ ಎನ್‌ಎಸ್1, ಅಂದರೆ ಡೆಂಗಿ ವೈರಸ್‌ನ ಒಂದು ಪ್ರೋಟೀನ್. ಜ್ವರ ಬಂದ ಮೊದಲ ಎರಡು ಮೂರು ದಿನಗಳಲ್ಲಿ ಇದು ರಕ್ತದಲ್ಲಿ ಧಾರಾಳವಾಗಿ ಇರುತ್ತದೆ, ಆಗ ಸ್ಟ್ರಿಪ್ ಸಾಮಾನ್ಯವಾಗಿ ಹಿಡಿಯುತ್ತದೆ. ತೊಂದರೆ ಇರುವುದು ಎರಡು ಕಡೆ. ಆರನೇ ದಿನ ಏಳನೇ ದಿನ ಬರುವವರಲ್ಲಿ ಅದು ಕರಗುತ್ತಾ ಬಂದಿರುತ್ತದೆ. ಇನ್ನು ಎರಡನೇ ಸಲ ಡೆಂಗಿ ಬಂದವರಲ್ಲಿ ಹಿಂದಿನ ಸಲ ದೇಹ ಮಾಡಿಟ್ಟ ಆಂಟಿಬಾಡಿ (ಐಜಿಜಿ) ಎನ್‌ಎಸ್1 ಅನ್ನು ಅಪ್ಪಿಕೊಂಡುಬಿಡುತ್ತದೆ, ಸ್ಟ್ರಿಪ್‌ನಲ್ಲಿರುವ ನಮ್ಮ ಆಂಟಿಬಾಡಿಗೆ ಕೂರಲು ಜಾಗವೇ ಸಿಗುವುದಿಲ್ಲ. ಎರಡನೇ ಸಲ ಬಂದವರಿಗೇ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ, ಅವರನ್ನೇ ಸ್ಟ್ರಿಪ್ ಬಿಟ್ಟುಬಿಡುತ್ತದೆ. ಪಿಸಿಆರ್‌ನಲ್ಲಿ ಪಾಸಿಟಿವ್, ನಮ್ಮ ಸ್ಟ್ರಿಪ್‌ನಲ್ಲಿ ನೆಗೆಟಿವ್, ಈ ಜೋಡಿ ವಾರಕ್ಕೆ ಎರಡು ಮೂರು ಬಾರಿ ಕಣ್ಣಿಗೆ ಬೀಳುತ್ತಿತ್ತು. ಆ ಕೊಳವೆಗಳನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ. ಎಥಿಕ್ಸ್ ಕಮಿಟಿಯ ಒಪ್ಪಿಗೆ ತೆಗೆದುಕೊಂಡು, ಹೆಸರು ಅಳಿಸಿ, ಉಳಿದ ಸೀರಂಗಳನ್ನು ಮೈನಸ್ 80ರಲ್ಲಿ ಇಡಲು ಶುರು ಮಾಡಿದೆ.

ಚಿನ್ನದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಚಿನ್ನದ ಕಣ ಮಾಡಲು ಫ್ರೆನ್ಸ್ ಎಂಬ ವಿಜ್ಞಾನಿ 1973ರಲ್ಲಿ ಕೊಟ್ಟ ಅಳತೆಯೇ ನನ್ನದೂ. 100 ಮಿ.ಲೀ. 0.01% ಗೋಲ್ಡ್ ಕ್ಲೋರೈಡ್ ಚೆನ್ನಾಗಿ ಕುದಿಯುವಾಗ 1% ಸಿಟ್ರೇಟ್ ಒಂದೇ ಏಟಿಗೆ ಸುರಿಯಬೇಕು. 2 ಮಿ.ಲೀ. ಹಾಕಿದರೆ ಕಣದ ಗಾತ್ರ 16 ನ್ಯಾನೊಮೀಟರ್ ಹತ್ತಿರ, 1 ಮಿ.ಲೀ. ಹಾಕಿದರೆ 40ರ ಹತ್ತಿರ. ನಾನು ಒಂದಕ್ಕಿಂತ ಚೂರು ಜಾಸ್ತಿ ಹಾಕುತ್ತೇನೆ. ಹಳದಿ ಹೋಗಿ ಬಣ್ಣವೇ ಇಲ್ಲದಂತಾಗಿ, ಆಮೇಲೆ ಕಪ್ಪು ನೀಲಿ, ನೇರಳೆ, ಕೊನೆಗೆ ದ್ರಾಕ್ಷಿ ಕೆಂಪು. ಎಷ್ಟು ಸಲ ಮಾಡಿದರೂ ಆ ಬಣ್ಣ ತಿರುಗುವಾಗ ನಾನು ಬೇರೆ ಕೆಲಸ ಬಿಟ್ಟು ನಿಂತು ನೋಡುತ್ತೇನೆ. ಸ್ಪೆಕ್ಟ್ರೋದಲ್ಲಿ (ದ್ರಾವಣ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಅಳೆಯುವ ಯಂತ್ರ) ಶಿಖರ 525ರಿಂದ 530 ನ್ಯಾನೊಮೀಟರ್ ಒಳಗೆ ಚೂಪಾಗಿ ಬಂದರೆ, 600ರ ಆಚೆ ಬಾಲ ಇಲ್ಲದಿದ್ದರೆ ಆ ಬ್ಯಾಚ್ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲ. ವರ್ಷಕ್ಕೊಂದು ಸಲ ಬೇರೆ ಕಡೆ ಕಳಿಸಿ ನೋಡಿಸುತ್ತೇನೆ, ಉಳಿದಂತೆ ಸ್ಪೆಕ್ಟ್ರೋ ಮತ್ತು ಕಣ್ಣು ಸಾಕು.

ಮೊದಲ ಐದಾರು ಬ್ಯಾಚ್ ಹಾಳಾಗಿದ್ದು ಗಾಜಿನಿಂದ. ಸೋಪಿನಲ್ಲಿ ತೊಳೆದ ಫ್ಲಾಸ್ಕ್ ಎಷ್ಟು ಹೊಳೆದರೂ ನಂಬಬೇಡಿ. ಫ್ಯೂಮ್ ಹುಡ್‌ನಲ್ಲಿ ಆಕ್ವಾ ರೀಜಿಯಾ (ಚಿನ್ನವನ್ನೂ ಕರಗಿಸುವ ಆಸಿಡ್ ಮಿಶ್ರಣ) ಹಾಕಿ ತೊಳೆದು, ಆಮೇಲೆ ಶುದ್ಧ ನೀರಿನಲ್ಲಿ ಹತ್ತು ಸಲ ಜಾಲಾಡಿಸಿದ ಮೇಲೆಯೇ ಬಣ್ಣ ಸ್ವಚ್ಛವಾಗಿ ಬಂದದ್ದು. ಆ ಫ್ಲಾಸ್ಕ್ ಈಗ ಬೇರೆ ಯಾವ ಕೆಲಸಕ್ಕೂ ಕೊಡುವುದಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಸ್ಟೀಲ್ ಚಮಚದಲ್ಲಿ ಗೋಲ್ಡ್ ಕ್ಲೋರೈಡ್ ತೆಗೆಯುವುದು, ಪಿಎಚ್ ಎಲೆಕ್ಟ್ರೋಡ್ ಅನ್ನು ಆಂಟಿಬಾಡಿ ಹಾಕದ ಹಸಿ ಚಿನ್ನದ ದ್ರಾವಣದಲ್ಲಿ ಅದ್ದುವುದು, ಇವೆರಡೂ ನಮ್ಮಲ್ಲಿ ಒಂದೊಂದು ಸಲ ನಡೆದಿವೆ. ಎರಡನೆಯದರಲ್ಲಿ ಎಲೆಕ್ಟ್ರೋಡ್ ಕಟ್ಟಿಕೊಂಡು ಹೊಸದನ್ನೇ ಕೊಳ್ಳಬೇಕಾಯಿತು. ಈಗ ಪಿಎಚ್ ಪಟ್ಟಿ ಮಾತ್ರ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಚಿನ್ನ ಅಂದ ಕೂಡಲೇ ಎಲ್ಲರೂ ಖರ್ಚು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 100 ಮಿ.ಲೀ. ಬ್ಯಾಚ್‌ಗೆ ಗೋಲ್ಡ್ ಕ್ಲೋರೈಡ್ 10 ಮಿಲಿಗ್ರಾಂ, ಅದರಲ್ಲಿ ಚಿನ್ನ 5 ಮಿಲಿಗ್ರಾಂ. ಒಂದು ಸ್ಟ್ರಿಪ್‌ಗೆ ಓಡಿ 10ರ (ಓಡಿ ಅಂದರೆ ಬಣ್ಣದ ಗಾಢತೆಯ ಅಳತೆ) ಕಾಂಜುಗೇಟ್ 5 ಮೈಕ್ರೋಲೀಟರ್ ಹಾಕಿದರೆ ಹೋಗುವ ಚಿನ್ನ ಎರಡೂವರೆ ಮೈಕ್ರೋಗ್ರಾಂ. ಅರ್ಧಕ್ಕರ್ಧ ಸೆಂಟ್ರಿಫ್ಯೂಜ್‌ನಲ್ಲಿ ಕಳೆದುಹೋದರೂ ಒಂದು ಬ್ಯಾಚ್‌ನಿಂದ ಸಾವಿರ ಸ್ಟ್ರಿಪ್ ಆಗುತ್ತದೆ. ದುಡ್ಡು ಹೋಗುವುದು ಆಂಟಿಬಾಡಿಗೆ. ನನ್ನ ಮೊದಲ ವರ್ಷದ ಬಜೆಟ್‌ನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಭಾಗ ಡೆಂಗಿಯ ನಾಲ್ಕು ಸೀರೋಟೈಪ್‌ಗಳನ್ನೂ (ಬಗೆಗಳನ್ನೂ) ಹಿಡಿಯುವ ಒಂದು ಜೋಡಿ ಮೋನೋಕ್ಲೋನಲ್ ಆಂಟಿಬಾಡಿ ಹುಡುಕುವುದರಲ್ಲೇ ಖರ್ಚಾಯಿತು.

ಅದರಲ್ಲಿ ಒಂದು ಬಾಟಲಿಯ ಕತೆ ಹೇಳಲೇಬೇಕು. ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಬೆಲೆಯ ಬಾಟಲಿ ಅದು. ಬಂದ ದಿನವೇ ಕಾಂಜುಗೇಟ್ ಮಾಡಲು ಕೂತೆ. ಉಪ್ಪಿನ ಪರೀಕ್ಷೆ (ಮೈ ಮುಚ್ಚದ ಚಿನ್ನ ಉಪ್ಪು ಬಿದ್ದರೆ ಕೆಂಪು ಕಳೆದುಕೊಳ್ಳುತ್ತದೆ) ಮಾಡಿದಾಗ ಮೈ ಜುಂ ಅಂದಿತು. ಸಾಮಾನ್ಯವಾಗಿ ಒಂದು ಮಿ.ಲೀ. ಚಿನ್ನಕ್ಕೆ 6 ಮೈಕ್ರೋಗ್ರಾಂ ಆಂಟಿಬಾಡಿ ಹಾಕಿದ ಮೇಲೆ ಉಪ್ಪು ಸುರಿದರೂ ಕೆಂಪು ನಿಲ್ಲುತ್ತದೆ, ಇಲ್ಲಿ 1 ಮೈಕ್ರೋಗ್ರಾಂಗೇ ನಿಂತುಬಿಟ್ಟಿತು! ಎಂಥಾ ಒಳ್ಳೆ ಆಂಟಿಬಾಡಿ ಅಂತ ಖುಷಿಯಿಂದ ಮುಕ್ಕಾಲು ಬಾಟಲಿ ಒಂದೇ ಸಲ ಹಾಕಿ ದೊಡ್ಡ ಬ್ಯಾಚ್ ಮಾಡಿದೆ. ಸ್ಟ್ರಿಪ್ ಓಡಿಸಿದರೆ ಟಿ ಗೆರೆ ಇಲ್ಲ, ಸ್ಟ್ರಿಪ್ ಸರಿಯಾಗಿ ಓಡಿದೆ ಅನ್ನಲು ಯಾವಾಗಲೂ ಬರಬೇಕಾದ ಸಿ ಗೆರೆಯೂ ಇಲ್ಲದ ಹಾಗೆ. ಮೂರು ವಾರ ಮೆಂಬ್ರೇನ್ ಬದಲಿಸಿ, ಪ್ಯಾಡ್ ಬದಲಿಸಿ, ಬಫರ್ ಬದಲಿಸಿ ಒದ್ದಾಡಿದೆ. ಕೊನೆಗೆ ಬಾಟಲಿ ಜೊತೆ ಬಂದ ಹಾಳೆಯನ್ನು ಪೂರ್ತಿ ಓದಿದಾಗ ಗೊತ್ತಾಯಿತು. ಆಂಟಿಬಾಡಿ ಕೆಡದಿರಲಿ ಅಂತ ಅದರಲ್ಲಿ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೋಟೀನ್ ಸೇರಿಸಿದ್ದರು. ಚಿನ್ನದ ಮೈಯೆಲ್ಲ ಬಿಎಸ್‌ಎ ಹತ್ತಿ ಕೂತಿತ್ತು, ಉಪ್ಪಿನಿಂದ ಕಾಪಾಡುತ್ತಿದ್ದದ್ದೂ ಅದೇ. ಉಪ್ಪಿನ ಪರೀಕ್ಷೆ ಚಿನ್ನ ಮುಚ್ಚಿದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತದೆ, ಏನು ಮುಚ್ಚಿದೆ ಅಂತ ಹೇಳುವುದಿಲ್ಲ. ನೀವು ಆಂಟಿಬಾಡಿ ತರಿಸುವಾಗ ಕ್ಯಾರಿಯರ್ ಪ್ರೋಟೀನ್ ಇಲ್ಲ, ಗ್ಲಿಸರಾಲ್ ಇಲ್ಲ ಅಂತ ಬರಹದಲ್ಲೇ ಕೇಳಿ ಪಡೆಯಿರಿ. ಬಂದ ಮೇಲೂ ಒಂದು ರಾತ್ರಿ ಕಡಿಮೆ ಉಪ್ಪಿನ ಬಫರ್‌ಗೆ ಡಯಾಲಿಸಿಸ್ ಮಾಡಿ.

ಆಮೇಲೆ ಸರಿಯಾದ ಬಾಟಲಿ ಬಂತು. ಪಿಎಚ್ 8.5 ಆಸುಪಾಸು, ಮಿ.ಲೀ.ಗೆ 8 ಮೈಕ್ರೋಗ್ರಾಂ, ಅರ್ಧ ಗಂಟೆ, ಬಿಎಸ್‌ಎ ಬ್ಲಾಕ್, ಸೆಂಟ್ರಿಫ್ಯೂಜ್, ಸಕ್ಕರೆ ಇರುವ ಬಫರ್‌ನಲ್ಲಿ ಮತ್ತೆ ಕರಗಿಸಿ ಗ್ಲಾಸ್ ಫೈಬರ್ ಪ್ಯಾಡ್ ಮೇಲೆ ಒಣಗಿಸುವುದು. ಇಲ್ಲಿ ಹೊಸದೇನೂ ಇಲ್ಲ. ಸುಕ್ರೋಸ್ ಕಡಿಮೆ ಮಾಡಿದರೆ ಚಿನ್ನ ಪ್ಯಾಡ್ ಬಿಟ್ಟು ಬರುವುದಿಲ್ಲ, ಜಾಸ್ತಿ ಮಾಡಿದರೆ ಮಳೆಗಾಲದ ಗಾಳಿಗೆ ಪ್ಯಾಡ್ ಅಂಟಂಟಾಗುತ್ತದೆ. ಟ್ರೆಹಲೋಸ್ ಜೊತೆ ಸೇರಿಸಿದ ಮೇಲೆ ಎರಡೂ ತಗ್ಗಿತು. ಬರೀ ಚಿನ್ನದ ಸ್ಟ್ರಿಪ್ ಮಿ.ಲೀ.ಗೆ 5 ನ್ಯಾನೊಗ್ರಾಂ ಎನ್‌ಎಸ್1 ಇದ್ದಾಗ ಕಣ್ಣಿಗೆ ಕಾಣುವ ಗೆರೆ ಕೊಟ್ಟಿತು. ಅಲ್ಲಿಗೆ ನಿಂತಿತು. 80 ನ್ಯಾನೊಮೀಟರ್ ಕಣ ಮಾಡಿ ನೋಡಿದೆ, ಗೆರೆ ಚೂರು ಗಾಢವಾಯಿತು, ಆದರೆ ಬಾಟಲಿಯಲ್ಲಿ ಎರಡು ದಿನಕ್ಕೇ ತಳ ಸೇರುತ್ತಿತ್ತು. ಆಂಟಿಬಾಡಿ ಎರಡರಷ್ಟು ಹಾಕಿ ನೋಡಿದೆ, ದುಡ್ಡು ಮಾತ್ರ ಎರಡರಷ್ಟಾಯಿತು.

ಬೆಳ್ಳಿಯ ಯೋಚನೆ ಬಂದದ್ದು ಪಕ್ಕದ ಪೆಥಾಲಜಿ ಲ್ಯಾಬಿನಲ್ಲಿ. ಟಿಶ್ಯೂ ಸ್ಲೈಡ್‌ನಲ್ಲಿ ಚಿನ್ನ ಕಟ್ಟಿದ ಆಂಟಿಬಾಡಿಗೆ ಬೆಳ್ಳಿ ಹಿಡಿಸುವ ಕೆಲಸವನ್ನು ಹೋಲ್ಗೇಟ್ ಮತ್ತು ಅವರ ಜೊತೆಯವರು 1983ರಲ್ಲೇ ತೋರಿಸಿದ್ದರು. ಬೆಳ್ಳಿಯ ದ್ರಾವಣವನ್ನು ಗಮ್ ಅರೇಬಿಕ್, ಹೈಡ್ರೋಕ್ವಿನೋನ್, ಸಿಟ್ರೇಟ್ ಬಫರ್ ಹಾಕಿ ಹದಕ್ಕೆ ತಂದದ್ದು ಡಾನ್ಶರ್, 1981ರಲ್ಲಿ. ಚಿನ್ನದ ಕಣ ಇದ್ದಲ್ಲಿ ಮಾತ್ರ ಬೆಳ್ಳಿ ಇಳಿಯುತ್ತದೆ, ಇಳಿದ ಬೆಳ್ಳಿಯ ಮೇಲೆ ಮತ್ತೆ ಬೆಳ್ಳಿ. 40 ನ್ಯಾನೊಮೀಟರ್ ಕಣ ಉಬ್ಬುತ್ತಾ ಉಬ್ಬುತ್ತಾ ಕಣ್ಣಿಗೆ ಕಪ್ಪಾಗಿ ಕಾಣುವಷ್ಟಾಗುತ್ತದೆ. ಅಂದರೆ ಚಿನ್ನ ಅಲ್ಲಿ ಕೂತಿದೆ, ನಮಗೆ ಕಾಣುತ್ತಿಲ್ಲ ಅಷ್ಟೆ. ಅದನ್ನು ಕಾಣಿಸಿದರೆ ಮುಗಿಯಿತಲ್ವಾ?

ಮೊದಲ ಸಲ ಮಾಡಿದಾಗ ಸ್ಟ್ರಿಪ್ ಎರಡೇ ನಿಮಿಷಕ್ಕೆ ಮಸಿ ಬಳಿದ ಹಾಗಾಯಿತು. ಅವರು ಹೇಳಿದ ಹಾಗೇ. ಬೆಳ್ಳಿ ಅರ್ಧ ಮಾಡಿದೆ, ಕಾಲು ಮಾಡಿದೆ. ಹೈಡ್ರೋಕ್ವಿನೋನ್ ಹೊಸದು ತಂದೆ. ಪಿಎಚ್ 3.8ರಿಂದ 3.5ಕ್ಕೆ ಇಳಿಸಿದೆ. ಒಂದು ದಿನ ಸರಿ ಬರುತ್ತಿತ್ತು, ಮರುದಿನ ಅದೇ ದ್ರಾವಣ, ಅದೇ ಸ್ಟ್ರಿಪ್, ಪೂರ್ತಿ ಬೂದು. ಹೀಗೆ ಏಳೆಂಟು ತಿಂಗಳು. ಸುಮಾರು ಆರುನೂರು ಸ್ಟ್ರಿಪ್ ಕಸಕ್ಕೆ ಹೋಯಿತು, ಮೆಂಬ್ರೇನ್ ಎರಡು ರೋಲ್ ಮುಗಿಯಿತು. ಖರ್ಚಿನ ಹಾಳೆ ನೋಡಿದ ಮೇಲಿನವರು ಇನ್ನು ಮೂರು ತಿಂಗಳು ನೋಡೋಣ, ಆಮೇಲೆ ನಿಲ್ಲಿಸಿ ಅಂದರು. ಅವರನ್ನು ದೂರುವುದಿಲ್ಲ, ಆ ಹಾಳೆ ನಾನು ನೋಡಿದ್ದರೂ ಅದನ್ನೇ ಹೇಳುತ್ತಿದ್ದೆ.

ದಾರಿ ತೋರಿಸಿದ್ದು ನಮ್ಮಲ್ಲಿ ಆಗಷ್ಟೇ ಸೇರಿದ್ದ ಹುಡುಗಿ. ಒಂದು ಮಧ್ಯಾಹ್ನ ಕೈಯಲ್ಲಿ ಎರಡು ಟ್ರೇ ಹಿಡಿದು ಬಂದಳು. "ಮೇಡಂ, ಕಿಟಕಿ ಹತ್ರ ಇಟ್ಟಿದ್ದು ಮಾತ್ರ ಕಪ್ಪಾಗಿದೆ ನೋಡಿ. ಡ್ರಾಯರ್ ಒಳಗಿದ್ದದ್ದು ಬೆಳ್ಳಗೇ ಇದೆ, ಆದ್ರೆ ಮೇಲೆ ಹಾಲಿನ ಕೆನೆ ಥರ ಏನೋ ಇದೆ." ನಾನು ಆ ಕೆನೆ ನೋಡಿದೆ. ಬೆಳಕಿಗೆ ಇಟ್ಟೆ. ಹತ್ತು ನಿಮಿಷದಲ್ಲಿ ನೇರಳೆ ಬೂದು ಬಣ್ಣಕ್ಕೆ ತಿರುಗಿತು. ಸಿಲ್ವರ್ ಕ್ಲೋರೈಡ್! ಹಳೆಯ ಫೋಟೋ ಕಾಗದ ಕಪ್ಪಾಗುವುದೂ ಹೀಗೇ ಅಲ್ವಾ. ಇಷ್ಟು ದಿನ ನಾನು ಬೆಳ್ಳಿ ತಾನಾಗಿ ಎಲ್ಲ ಕಡೆ ಇಳಿಯುತ್ತಿದೆ ಅಂದುಕೊಂಡು ಬೆಳ್ಳಿಯನ್ನೇ ಕಡಿಮೆ ಮಾಡುತ್ತಾ ಕೂತಿದ್ದೆ. ಅಲ್ಲಿದ್ದ ಉಪ್ಪಿನ ಜೊತೆ ಸೇರಿ ಬೆಳ್ಳಿ ಗಟ್ಟಿಯಾಗುತ್ತಿತ್ತು, ಆಮೇಲೆ ಬೆಳಕು ಅದನ್ನು ಕಪ್ಪು ಮಾಡುತ್ತಿತ್ತು. ಮೋಡದ ದಿನ ಸರಿ ಬರುತ್ತಿತ್ತು, ಬಿಸಿಲ ದಿನ ಕೆಡುತ್ತಿತ್ತು. ನನ್ನ ಪುಸ್ತಕದಲ್ಲಿ ದ್ರಾವಣದ ನಂಬರ್ ಇತ್ತು, ಹವಾಮಾನ ಇರಲಿಲ್ಲ.

ಅಲ್ಲಿಂದ ಮುಂದೆ ನನ್ನ ಕೆಲಸ ಒಂದೇ ಆಯಿತು, ಕ್ಲೋರೈಡ್ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕಿ ಓಡಿಸುವುದು. ಸೀರಂನಲ್ಲೇ ಲೀಟರ್‌ಗೆ ಸುಮಾರು 100 ಮಿಲಿಮೋಲ್ ಇರುತ್ತದೆ, ಅದು ತಪ್ಪಿದ್ದಲ್ಲ. ಉಪ್ಪು ಮತ್ತು ಫಾಸ್ಫೇಟ್ ಇರುವ ನಮ್ಮ ಪಿಬಿಎಸ್ ಬಫರ್‌ನಲ್ಲಿ ಅದಕ್ಕಿಂತ ಜಾಸ್ತಿ. ಸೋಡಿಯಂ ಕ್ಲೋರೈಡ್ ತೆಗೆದು ಆ ಜಾಗಕ್ಕೆ ಸೋಡಿಯಂ ನೈಟ್ರೇಟ್ ಹಾಕಿದೆ. ಕಪ್ಪು ಕಡಿಮೆಯಾಯಿತು, ಮೆಂಬ್ರೇನ್‌ಗೆ ಹಳದಿ ಬಂತು. ಫಾಸ್ಫೇಟ್! ಸಿಲ್ವರ್ ಫಾಸ್ಫೇಟ್ ಹಳದಿ ಅಂತ ಕಾಲೇಜಿನಲ್ಲೇ ಓದಿದ್ದೇವೆ, ಸ್ಟ್ರಿಪ್ ಮೇಲೆ ನೋಡುವ ತನಕ ನೆನಪಾಗಲಿಲ್ಲ. ಫಾಸ್ಫೇಟ್ ಕೂಡ ಬಿಟ್ಟು ಸಿಟ್ರೇಟ್ ಮತ್ತು ನೈಟ್ರೇಟ್‌ಗೆ ಬಂದೆ. ಆಮೇಲೆ ನಮ್ಮ ಡಿಸ್ಟಿಲ್ಡ್ ನೀರು. ಒಂದು ಟೆಸ್ಟ್ ಟ್ಯೂಬ್ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ನಮ್ಮದು ಮಂಜು ಮಂಜಾಯಿತು. ಅಷ್ಟು ವರ್ಷ ನಾವು ನಂಬಿದ್ದ ಡಬ್ಬಿ ನೀರು ಅದು. ಈಗ ಪ್ರತಿದಿನ ಬೆಳಗ್ಗೆ ಈ ಒಂದು ಹನಿಯ ಪರೀಕ್ಷೆ ಆಗದೆ ಕೆಲಸ ಶುರುವಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೆಲವು ಸ್ಟ್ರಿಪ್‌ಗಳ ಒಂದು ಮೂಲೆಯಲ್ಲಿ ಕಪ್ಪು ಕಲೆ ಬರುತ್ತಿತ್ತು. ಲೆನ್ಸ್ ಹಿಡಿದು ನೋಡಿದರೆ ಸುಳಿ ಸುಳಿಯಾಗಿ ಗೆರೆಗಳು. ಬೆರಳಚ್ಚು! ಕಾರ್ಡ್ ಅಂಟಿಸುವಾಗ ಯಾರೋ ಬರಿಗೈಯಲ್ಲಿ ಮೆಂಬ್ರೇನ್ ಮುಟ್ಟಿದ್ದರು, ಬೆವರಿನ ಉಪ್ಪು ಅಲ್ಲಿ ಉಳಿದಿತ್ತು. ಬೆರಳಚ್ಚು ತಜ್ಞರು ಕಾಗದದ ಮೇಲೆ ಸಿಲ್ವರ್ ನೈಟ್ರೇಟ್ ಬಳಸುವುದೂ ಇದೇ ಕಾರಣಕ್ಕೆ. ಆ ಸ್ಟ್ರಿಪ್ ಎಸೆದಿಲ್ಲ, ಹೊಸಬರು ಸೇರಿದಾಗ ಗ್ಲೌಸ್ ಯಾಕೆ ಅಂತ ಹೇಳುವ ಬದಲು ಅದನ್ನೇ ತೋರಿಸುತ್ತೇನೆ.

ಸೀರಂನ ಕ್ಲೋರೈಡ್ ಉಳಿಯಿತಲ್ಲ, ಅದಕ್ಕೆ ತೊಳೆಯುವುದೊಂದೇ ದಾರಿ. ಸ್ಟ್ರಿಪ್ 15 ನಿಮಿಷ ಓಡಿದ ಮೇಲೆ ಸ್ಯಾಂಪಲ್ ಪ್ಯಾಡ್ ಮತ್ತು ಕಾಂಜುಗೇಟ್ ಪ್ಯಾಡ್ ಕಿತ್ತುಹಾಕುತ್ತೇನೆ. ಮೇಲಿನ ಹೀರುವ ಪ್ಯಾಡ್ ಹೊಸದು ಇಟ್ಟು, ಕೆಳಗಿನ ತುದಿಯನ್ನು ತೊಳೆಯುವ ಬಫರ್‌ನಲ್ಲಿ ನಿಲ್ಲಿಸುತ್ತೇನೆ. ಮೆಂಬ್ರೇನ್ ತಾನೇ ಹೀರಿಕೊಂಡು ಉಪ್ಪನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ನೆ ನೀರಿನಲ್ಲಿ ಅದ್ದಿ ಅಲ್ಲಾಡಿಸಿದರೆ ಸಾಲದು, ಮೆಂಬ್ರೇನ್ ಒಳಗಿನ ಉಪ್ಪು ಹೋಗುವುದಿಲ್ಲ. ಈ ಬಫರ್‌ನಲ್ಲಿ ಸಿಟ್ರೇಟ್, ನೈಟ್ರೇಟ್, ಚೂರು ಟ್ವೀನ್ 20 (ಸೋಪಿನಂಥ ಪದಾರ್ಥ) ಇದೆ. ಇನ್ನೊಂದು ಪದಾರ್ಥವೂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದಿಲ್ಲದೆಯೂ ಕೆಲಸ ಆಗುತ್ತದೆ, ತೊಳೆಯುವ ಹೊತ್ತು ಮಾತ್ರ ಎರಡರಷ್ಟು ಬೇಕು. ಹೇಗೆ ಕಡಿಮೆ ಮಾಡಿದೆ ಅನ್ನುವುದು ಸದ್ಯಕ್ಕೆ ನಮ್ಮ ಲ್ಯಾಬಿನಲ್ಲೇ ಇರಲಿ.

ಹಾಗೆ ತೊಳೆದ ಮೊದಲ ಸ್ಟ್ರಿಪ್‌ಗೆ ಬೆಳ್ಳಿ ಹಾಕಿದ್ದು ಸಂಜೆ ಆರೂವರೆಗೆ, ಎಲ್ಲರೂ ಮನೆಗೆ ಹೊರಟಿದ್ದರು. ಮೂರನೇ ನಿಮಿಷಕ್ಕೆ ಸಿ ಗೆರೆ ಕಪ್ಪಾಯಿತು. ನಾಲ್ಕೂವರೆಗೆ ಟಿ ಗೆರೆ ನಿಧಾನವಾಗಿ ಎದ್ದು ಬಂತು, ಮೆಂಬ್ರೇನ್ ಬಿಳಿಯಾಗೇ ಇತ್ತು. ಕಿಟಕಿ ಪರದೆ ಸರಿಸಿ, ಬೇಕೆಂತಲೇ ಬೆಳಕಿಗೆ ಇಟ್ಟೆ. ಬಿಳಿಯಾಗೇ ಉಳಿಯಿತು. ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದವರನ್ನೆಲ್ಲ ವಾಪಸ್ ಕರೆದು ತೋರಿಸಿದೆ.

ಆದರೆ ಬೆಳ್ಳಿಗೆ ನಿಜ ಗೆರೆ, ಸುಳ್ಳು ಗೆರೆ ಅಂತ ಭೇದ ಇಲ್ಲ. ಚಿನ್ನ ಎಲ್ಲಿ ಕೂತಿದೆಯೋ ಅಲ್ಲಿ ಕಪ್ಪು. 40 ನೆಗೆಟಿವ್ ಸೀರಂ ಹಾಕಿದರೆ 9ರಲ್ಲಿ ಗೆರೆ ಬಂತು. ಬರೀ ಚಿನ್ನವಿದ್ದಾಗ ಅವೆಲ್ಲ ನೆಗೆಟಿವ್ ಆಗಿಯೇ ಕಂಡಿದ್ದವು. ಇದನ್ನು ಯಾರೂ ಮುಚ್ಚಿಡಬೇಡಿ, ಇಂಥ ವಿಧಾನ ಮಾಡಿದವರೆಲ್ಲ ಪಾಸಿಟಿವ್‌ಗಿಂತ ಜಾಸ್ತಿ ನೆಗೆಟಿವ್ ಓಡಿಸಬೇಕು. ಆ 9ರಲ್ಲಿ ನಾಲ್ಕು ರುಮಟಾಯ್ಡ್ ಫ್ಯಾಕ್ಟರ್ (ಬೇರೆ ಆಂಟಿಬಾಡಿಗಳಿಗೇ ಅಂಟುವ ಆಂಟಿಬಾಡಿ) ಇದ್ದ ಸೀರಂಗಳು. ಅದು ಚಿನ್ನದ ಮೇಲಿನ ಮತ್ತು ಗೆರೆಯ ಮೇಲಿನ, ಎರಡೂ ಕಡೆಯ ಆಂಟಿಬಾಡಿಯ ಬಾಲ ಹಿಡಿದು, ಎನ್‌ಎಸ್1 ಇಲ್ಲದೆಯೇ ಸೇತುವೆ ಕಟ್ಟುತ್ತದೆ. ಸ್ಯಾಂಪಲ್ ಪ್ಯಾಡ್‌ಗೆ ಇಲಿಯ ಐಜಿಜಿ ಹಾಕಿ ಅದನ್ನು ಅಲ್ಲೇ ತಡೆದೆ. ಉಳಿದ ಐದು ಕಾಂಜುಗೇಟ್‌ನ ಗಂಟುಗಳಿಂದ ಬಂದವು. ಸೆಂಟ್ರಿಫ್ಯೂಜ್ ಜೋರಾದರೆ ತಳದ ಚಿನ್ನ ಒಂದಕ್ಕೊಂದು ಅಂಟಿ ಚಿಕ್ಕ ಗಂಟಾಗುತ್ತದೆ. ಕೆಂಪು ಗೆರೆಯಲ್ಲಿ ಅದು ಕಾಣುವುದಿಲ್ಲ, ಬೆಳ್ಳಿ ಹಾಕಿದಾಗ ಗೆರೆಯಲ್ಲಿ ಸಿಕ್ಕಿಕೊಂಡ ಒಂದೊಂದು ಗಂಟೂ ಒಂದೊಂದು ಚುಕ್ಕೆ. ವೇಗ ಕಡಿಮೆ ಮಾಡಿ, ಹೊತ್ತು ಜಾಸ್ತಿ ಮಾಡಿ, ಕೊನೆಗೆ 0.2 ಮೈಕ್ರಾನ್ ಫಿಲ್ಟರ್ ಹಾಯಿಸಿದೆ. ಈಗ 40ರಲ್ಲಿ 2 ಸುಳ್ಳು ಗೆರೆ. ಆ ಎರಡರ ಕಾರಣ ಇನ್ನೂ ಹುಡುಕುತ್ತಿದ್ದೇನೆ.

ಹೊತ್ತಿನ ವಿಷಯಕ್ಕೂ ತುಂಬಾ ಒದ್ದಾಡಿದ್ದೇನೆ. ಕೋಣೆ 20 ಡಿಗ್ರಿ ಇದ್ದರೆ ಒಂಬತ್ತು ನಿಮಿಷ, 30 ಇದ್ದರೆ ಐದು ನಿಮಿಷಕ್ಕೇ ಆಗಿಬಿಡುತ್ತದೆ. ಗಡಿಯಾರ ನೋಡಿ ನಿಲ್ಲಿಸಿದರೆ ಬೇಸಿಗೆಯಲ್ಲಿ ಎಲ್ಲವೂ ಪಾಸಿಟಿವ್. ಅದಕ್ಕೆ ಸ್ಟ್ರಿಪ್‌ನಲ್ಲೇ ಮೂರನೇ ಗೆರೆ ಹಾಕಿದೆ. ಅದರಲ್ಲಿ ಅಳೆದು ಹಾಕಿದ ಅತಿ ಕಡಿಮೆ ಚಿನ್ನ ಇರುತ್ತದೆ, ಮಾಮೂಲು ಕಣ್ಣಿಗೆ ಕಾಣುವುದಿಲ್ಲ. ಬೆಳ್ಳಿಯಲ್ಲಿ ಆ ಗೆರೆ ಕಾಣಿಸಲು ಶುರುವಾದ ಕ್ಷಣ ಸ್ಟ್ರಿಪ್ ಎತ್ತಿ, ಬೆಳ್ಳಿ ಇಳಿಯುವುದನ್ನು ನಿಲ್ಲಿಸುವ ಥಯೋಸಲ್ಫೇಟ್‌ಗೆ ಹಾಕುವುದು. ಬಿಸಿ ಇರಲಿ ತಂಪಿರಲಿ, ದ್ರಾವಣ ಹೊಸದಿರಲಿ ಒಂದು ದಿನ ಹಳೆಯದಿರಲಿ, ಆ ಗೆರೆಯೇ ಗಡಿಯಾರ. ಇದು ನನ್ನದೇ ಯೋಚನೆ, ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಎಷ್ಟು ಚಿನ್ನ ಅನ್ನುವುದನ್ನು ನಿಮ್ಮ ಮೆಂಬ್ರೇನ್‌ಗೆ ತಕ್ಕಂತೆ ನೀವೇ ಕಂಡುಕೊಳ್ಳಬೇಕು, ನನ್ನ ಅಂಕಿ ನಿಮಗೆ ಹೊಂದುವುದಿಲ್ಲ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳುತ್ತೇನೆ. ಚಿನ್ನವೇ ಬೇಡ ಅಂತ ಕಾರ್ಬನ್ ಕಣ ತೆಗೆದುಕೊಂಡು ನೋಡಿದೆ. ಬಿಳಿ ಮೆಂಬ್ರೇನ್ ಮೇಲೆ ಕಪ್ಪು ಗೆರೆ ಬಹಳ ಚೆನ್ನಾಗಿ ಎದ್ದು ಕಾಣುತ್ತದೆ, ಖರ್ಚೂ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಒಂದು ಬ್ಯಾಚ್ ಹಾಗೆ ಇನ್ನೊಂದು ಬರಲಿಲ್ಲ, ಪ್ಯಾಡ್‌ನಲ್ಲಿ ಅರ್ಧ ಉಳಿದುಬಿಡುತ್ತಿತ್ತು. ಎರಡು ತಿಂಗಳಾದ ಮೇಲೆ ಬಿಟ್ಟೆ. ಯಾರಾದರೂ ಹಿಡಿದು ಮಾಡಿದರೆ ಅದರಲ್ಲಿ ದಾರಿ ಇದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಮ್ಯಾಗ್ನೆಟಿಕ್ ಕಣಕ್ಕೆ ಆಂಟಿಬಾಡಿ ಕಟ್ಟಿ, ಅರ್ಧ ಮಿ.ಲೀ. ಸೀರಂನಿಂದ ಎನ್‌ಎಸ್1 ಎಳೆದು ಸಣ್ಣ ಹನಿಗೆ ಇಳಿಸಿದೆ, ಅದು ಕೆಲಸ ಮಾಡಿತು. ಆದರೆ ಆಂಟಿಬಾಡಿ ಖರ್ಚು ಎರಡರಷ್ಟಾಯಿತು, ಮಕ್ಕಳ ಸ್ಯಾಂಪಲ್‌ನಲ್ಲಿ ಅಷ್ಟು ಸೀರಂ ಎಲ್ಲಿಂದ ತರುವುದು?

ಎರಡನೇ ಸಲ ಡೆಂಗಿ ಬಂದವರ ಸೀರಂಗೆ ಆಸಿಡ್ ಹಾಕಿ, ಐಜಿಜಿಯ ಹಿಡಿತ ಬಿಡಿಸಿ, ಮತ್ತೆ ಪಿಎಚ್ ಸರಿ ಮಾಡಿ ಓಡಿಸುವ ಪ್ರಯೋಗ ಇನ್ನೂ ನಡೆಯುತ್ತಿದೆ. ಮೊದಲ ಸಲ ಎಲ್ಲ ಸ್ಟ್ರಿಪ್ ಮತ್ತೆ ಕಪ್ಪಾದಾಗ ದಿಗಿಲಾಯಿತು. ನೋಡಿದರೆ ಗ್ಲೈಸಿನ್ ಬಫರ್‌ನ ಪಿಎಚ್ ಇಳಿಸಲು ಹಾಕಿದ್ದು ಹೈಡ್ರೋಕ್ಲೋರಿಕ್ ಆಸಿಡ್, ಮತ್ತೆ ಅದೇ ಕ್ಲೋರೈಡ್. ಸಿಟ್ರಿಕ್ ಆಸಿಡ್‌ಗೆ ಬದಲಾಯಿಸಿದ ಮೇಲೆ ಸರಿಯಾಯಿತು. ಹೊತ್ತು ಒಂದು ನಿಮಿಷ ಹೆಚ್ಚಾದರೆ ಎನ್‌ಎಸ್1 ಕೂಡ ಹಾಳಾಗುತ್ತದೆ, ಆ ಹದ ಇನ್ನೂ ಕೈಗೆ ಪೂರ್ತಿ ಸಿಕ್ಕಿಲ್ಲ.

ಇನ್ನೊಂದು ಎಚ್ಚರಿಕೆ. ಜ್ವರದ ಎರಡನೇ ದಿನದ ಒಂದು ಸೀರಂ, ಪಿಸಿಆರ್‌ನಲ್ಲಿ ಬಹಳ ಜೋರು, ನಮ್ಮ ಸ್ಟ್ರಿಪ್‌ನಲ್ಲಿ ಸಣ್ಣ ಗೆರೆ. ಇಪ್ಪತ್ತರಷ್ಟು ತೆಳು ಮಾಡಿ ಹಾಕಿದರೆ ಗೆರೆ ಕಪ್ಪಗೆ ಬಂತು. ಇದೇ ಹುಕ್ ಎಫೆಕ್ಟ್: ಎನ್‌ಎಸ್1 ಅತಿಯಾದರೆ ಚಿನ್ನದ ಮತ್ತು ಗೆರೆಯ ಆಂಟಿಬಾಡಿ ಎರಡೂ ಬೇರೆಬೇರೆಯಾಗಿ ತುಂಬಿಹೋಗಿ ನಡುವೆ ಸೇತುವೆ ಕಟ್ಟುವುದಿಲ್ಲ. ಕೆಲವರಲ್ಲಿ ಎನ್‌ಎಸ್1 ಮಿ.ಲೀ.ಗೆ ಮೈಕ್ರೋಗ್ರಾಂಗಳಷ್ಟು ಇರುತ್ತದೆ. ಬೆಳ್ಳಿ ಇದೆ ಅಂತ ಕಡಿಮೆ ಸ್ಯಾಂಪಲ್ ಕಡೆಗೇ ನೋಡುತ್ತಾ ಕೂತರೆ ಈ ತುದಿ ತಪ್ಪಿಹೋಗುತ್ತದೆ. ಆದ್ದರಿಂದ ಪ್ರತಿ ಸ್ಯಾಂಪಲ್ ಹಾಗೇ ಒಂದು, ತೆಳು ಮಾಡಿ ಒಂದು, ಎರಡು ಸ್ಟ್ರಿಪ್ ಓಡಿಸುತ್ತೇವೆ.

ಬೆಳ್ಳಿಯ ದ್ರಾವಣ ಕೆಲಸಕ್ಕೆ ಮುಂಚೆ ಆಗಿಂದಾಗಲೇ ಬೆರೆಸಿಕೊಳ್ಳಿ. ಹೈಡ್ರೋಕ್ವಿನೋನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬೇಡಿ. ಬಳಸಿದ ಬೆಳ್ಳಿಯನ್ನು ಬೇರೆ ಬಾಟಲಿಯಲ್ಲಿ ಕೂಡಿಡಿ, ಅಮೋನಿಯಾ ಇರುವ ಕಸದ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ. ಇಟ್ಟಲ್ಲೇ ಸ್ಫೋಟವಾಗುವ ವಸ್ತು ಅದರಲ್ಲಿ ಕಟ್ಟಿಕೊಳ್ಳಬಹುದು.

ಈಗಿನ ಸ್ಥಿತಿ ಇದು. ಪಿಸಿಆರ್‌ನಲ್ಲಿ ಪಾಸಿಟಿವ್ ಬಂದ 70ರಷ್ಟು ಹಳೆಯ ಸೀರಂಗಳಲ್ಲಿ ಬರೀ ಚಿನ್ನ 48 ಹಿಡಿದಿತ್ತು, ಬೆಳ್ಳಿ ಹಿಡಿಸಿದ ಮೇಲೆ 61. ಹೊಸದಾಗಿ ಸಿಕ್ಕ 13ರಲ್ಲಿ ಹೆಚ್ಚಿನವು ಐದನೇ ದಿನದ ಆಚೆಯವು. ಕಣ್ಣಿಗೆ ಕಾಣುವ ಮಿತಿ 5 ನ್ಯಾನೊಗ್ರಾಂನಿಂದ ಅರ್ಧ ನ್ಯಾನೊಗ್ರಾಂ ಹತ್ತಿರಕ್ಕೆ ಇಳಿದಿದೆ. ಬೆಳ್ಳಿ ಮತ್ತು ತೊಳೆಯುವ ಬಫರ್ ಸೇರಿ ಒಂದು ಸ್ಟ್ರಿಪ್‌ಗೆ ಹೆಚ್ಚಾದ ಖರ್ಚು ಅದರಲ್ಲಿರುವ ಆಂಟಿಬಾಡಿಯ ಬೆಲೆಯ ಹತ್ತನೇ ಒಂದು ಭಾಗವೂ ಇಲ್ಲ. 70 ಸೀರಂ ಅಂದರೆ ಚಿಕ್ಕ ಲೆಕ್ಕ, ನನಗೂ ಗೊತ್ತು. ಇದರಿಂದ ಯಾವ ರೋಗಿಗೂ ರಿಪೋರ್ಟ್ ಕೊಡುತ್ತಿಲ್ಲ, ಅದಕ್ಕೆ ಒಪ್ಪಿಗೆ ಪಡೆದ ಪರೀಕ್ಷೆಗಳೇ ಇವೆ. ಡೆಂಗಿಯ ಹತ್ತಿರದ ವೈರಸ್ ಝೀಕಾದ ಎನ್‌ಎಸ್1 ಇದ್ದಾಗಲೂ ತಪ್ಪಾಗಿ ಗೆರೆ ಬರುತ್ತದೆಯೇ ಅಂತ ನೋಡುವ ಕೆಲಸ ಮುಂದಿನದು.

ಹೋದ ವಾರ ಸ್ಟ್ರಿಪ್‌ಗಳನ್ನು ಒಣಗಿಸುವ ಹರಳಿನ ಪೊಟ್ಟಣದ ಜೊತೆ ಸೀಲ್ ಮಾಡಿ 40 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದೇನೆ, ಎಷ್ಟು ದಿನ ತಡೆಯುತ್ತವೆ ನೋಡಲು. ಪ್ರತಿ ಸೋಮವಾರ ಹತ್ತು ತೆಗೆದು ಓಡಿಸುತ್ತೇವೆ. ಮೊದಲ ಸೋಮವಾರದ ಹತ್ತೂ ಸರಿ ಬಂದವು. ಪುಸ್ತಕದಲ್ಲಿ ಈಗ ಬಿಸಿಲು, ಮೋಡ ಅಂತಲೂ ಒಂದು ಕಾಲಂ ಇದೆ, ಆ ಹುಡುಗಿಯೇ ಬರೆಯುತ್ತಾಳೆ.